ಉದ್ರಿ ಪುಸ್ತಕದಾಗ ಶಾಸಕರ ಹೆಸರಿಲ್ಲ

ನಮ್ಮ ಕುಷ್ಟಗಿಯವರಿಗೆ ಒಂದು ದೊಡ್ಡ ಹೆಮ್ಮೆ ಇದೆ. ಊರಿಗೆ ಹೋದಾಗಲೆಲ್ಲ ಬಸ್ ಸ್ಟ್ಯಾಂಡ್ ಹತ್ತಿರ ಚಾ ಕುಡಿಯುತ್ತ ಯಾರಾದರೂ ಒಬ್ಬ ಕಾಕಾ ಅದನ್ನು ಹೇಳಿಯೇ ಹೇಳುತ್ತಾರೆ. "ನಮ್ ಕ್ಷೇತ್ರದಾಗ ಗೆದ್ದವ ಮತ್ತ ಸರಳ ಗೆದ್ದ ಬರಂಗಿಲ್ಲ ತಮ್ಮಾ. ಐದು ವರ್ಷ ಆತಂದ್ರ ಮನೀಗೆ ಕಳಿಸಿಬಿಡ್ತೀವಿ. ನಾವು ಯಾರಿಗೂ ಹೆದರಂಗಿಲ್ಲ."

ನನಗೆ ನೆನಪಿರುವ ಚುನಾವಣೆಗಳ ಮಟ್ಟಿಗೆ ಕಾಕಾನ ಮಾತು ಖರೇ. 2008ರಲ್ಲಿ ಕಾಂಗ್ರೆಸ್ಸಿನ ಅಮರೇಗೌಡ ಬಯ್ಯಾಪುರ. 2013ರಲ್ಲಿ ಬಿಜೆಪಿಯ ದೊಡ್ಡನಗೌಡ ಪಾಟೀಲ. 2018ರಲ್ಲಿ ಮತ್ತೆ ಬಯ್ಯಾಪುರ. 2023ರಲ್ಲಿ ಮತ್ತೆ ದೊಡ್ಡನಗೌಡ. ಬೆಂಗಳೂರಿನ ಆಫೀಸಿನಲ್ಲಿ ಊಟದ ಹೊತ್ತಿಗೆ ನಾನೂ ಇದನ್ನು ಕಾಲರ್ ಎತ್ತಿ ಹೇಳಿದ್ದೆ. ನಮ್ಮ ಕಡೆಯವರು ಬಡವರಿರಬಹುದು, ಆದರೆ ಪ್ರಜ್ಞಾವಂತರು ಅಂತ. ಟೀಮಿನ ಹುಡುಗನೊಬ್ಬ ಅನ್ನ ಕಲಸುತ್ತಲೇ ಕೇಳಿದ: "ಅಂದ್ರೆ ಇರೋದು ಎರಡೇ ಸರ್ವರ್. ಒಂದು ಸಲ ಇದಕ್ಕೆ, ಒಂದು ಸಲ ಅದಕ್ಕೆ ಕಳಿಸ್ತೀರಿ. ಔಟ್‌ಪುಟ್ ಏನು?"

ಔಟ್‌ಪುಟ್ ಏನು ಅಂತ ಹೇಳಲು ನನಗೆ ಬರಲಿಲ್ಲ. ಆ ದಿನದಿಂದ ಈ ಹೆಮ್ಮೆಯ ಬಗ್ಗೆ ನನಗೆ ಅನುಮಾನ.

ನಮ್ಮ ಅವ್ವನ ತವರು ಯಲಬುರ್ಗಾ ತಾಲೂಕು. ಅಲ್ಲಿನ ಹೆಮ್ಮೆ ಬೇರೆ. ನಮ್ಮ ಸೋದರಮಾವ 1985ರಿಂದ ಒಬ್ಬರಿಗೇ ಓಟು ಹಾಕುತ್ತ ಬಂದವನು. ಬಸವರಾಜ ರಾಯರಡ್ಡಿ ಜನತಾ ಪಾರ್ಟಿಯಲ್ಲಿದ್ದಾಗ ಮಾವನೂ ಜನತಾ ಪಾರ್ಟಿ. ಅವರು ಜನತಾದಳ ಆದಾಗ ಮಾವನೂ ಚಕ್ರ. ಅವರು ಕಾಂಗ್ರೆಸ್ಸಿಗೆ ಬಂದ ಮೇಲೆ ಮಾವ ಒಂದು ರಾತ್ರಿಯಲ್ಲಿ ಕೈ ಆಗಿಬಿಟ್ಟ. "ಪಾರ್ಟಿ ಏನ್ ನೋಡ್ತಿ ಅಳಿಯಾ, ಮನಷ್ಯಾನ್ನ ನೋಡು. ವಿಧಾನಸೌಧದಾಗ ನಿಂತು ಮಾತಾಡಾವ್ರು ನಮ್ಮ ಜಿಲ್ಲಾದಾಗ ಎಷ್ಟ್ ಮಂದಿ ಅದಾರ?" ಅನ್ನುತ್ತಾನೆ. ಈ ಮಾತಿಗೆ ಎದುರು ಹೇಳುವುದು ಕಷ್ಟ. ರಾಯರಡ್ಡಿಯವರು ನಿಜಕ್ಕೂ ಮಾತಾಡುತ್ತಾರೆ. ಅಂಕಿ ಸಂಖ್ಯೆ ಬಾಯಲ್ಲೇ ಇರುತ್ತವೆ. ತಮ್ಮದೇ ಸರ್ಕಾರದ ಬಗ್ಗೆಯೂ ಬಾಯಿ ತಪ್ಪಿದವರಂತೆ ಸತ್ಯ ಹೇಳಿಬಿಡುವ ಅಭ್ಯಾಸ ಅವರದು. ನನಗೆ ಅವರ ಮೇಲೆ ಸಿಟ್ಟು ಬರುವುದೂ ಇದೇ ಕಾರಣಕ್ಕೆ. ಗೊತ್ತಿಲ್ಲದವನ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇಲ್ಲ.

ಅವರ ಪಯಣ ಎಷ್ಟು ಉದ್ದದ್ದು ಅಂತ ಒಂದು ಸಲ ಲೆಕ್ಕ ಹಾಕಿ. ಅವರು ಮೊದಲ ಸಲ ವಿಧಾನಸಭೆ ಹೊಕ್ಕಾಗ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ. ನಾನಿನ್ನೂ ಹುಟ್ಟಿರಲಿಲ್ಲ. ಆಮೇಲೆ ಎಸ್.ಆರ್. ಬೊಮ್ಮಾಯಿ ಬಂದು ಹೋದರು, ಮೂವತ್ತು ಚಿಲ್ಲರೆ ವರ್ಷ ಕಳೆದು ಅವರ ಮಗ ಬಸವರಾಜ ಬೊಮ್ಮಾಯಿಯೂ ಮುಖ್ಯಮಂತ್ರಿಯಾಗಿ ಬಂದು ಹೋದರು, ರಾಯರಡ್ಡಿ ಇನ್ನೂ ಕಣದಲ್ಲಿದ್ದಾರೆ. 1996ರಲ್ಲಿ ಕೊಪ್ಪಳದಿಂದ ಲೋಕಸಭೆಗೂ ಗೆದ್ದರು. ಅಂದರೆ ಕುಷ್ಟಗಿಯವರಿಗೂ ಅವರು ಎರಡು ವರ್ಷ ಸಂಸದರು. ದೇವೇಗೌಡರು ಪ್ರಧಾನಿ, ನಮ್ಮ ಸಂಸದರು ಅವರದೇ ಪಕ್ಷ. ಆ ಅವಧಿಯಲ್ಲೇ, 1997ರಲ್ಲಿ, ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆಯಿತು. 2016ರಿಂದ 2018ರವರೆಗೆ ಉನ್ನತ ಶಿಕ್ಷಣ ಸಚಿವರು. ನಡುನಡುವೆ ಸೋಲು: 2008ರಲ್ಲಿ ಸೋತರು, 2009ರ ಲೋಕಸಭೆಯಲ್ಲಿ ಸೋತರು, 2018ರಲ್ಲಿ ಹಾಲಪ್ಪ ಆಚಾರ್ ಎದುರು ಸೋತರು. 2023ರಲ್ಲಿ ತಿರುಗಿ ಗೆದ್ದರು. ಮಂತ್ರಿಗಿರಿ ಸಿಗಲಿಲ್ಲ, ವರ್ಷದ ಕೊನೆಗೆ ಸಂಪುಟ ದರ್ಜೆಯ ಸ್ಥಾನಮಾನದೊಂದಿಗೆ ಮುಖ್ಯಮಂತ್ರಿಯ ಆರ್ಥಿಕ ಸಲಹೆಗಾರರಾದರು. ಸೋತರೂ ಊರು ಬಿಡಲಿಲ್ಲ ಅನ್ನುವುದನ್ನು ಒಪ್ಪಬೇಕು.

ಈಗ ಎರಡು ತಾಲೂಕುಗಳನ್ನು ಪಕ್ಕಪಕ್ಕ ಇಡೋಣ. ಒಂದು ಪ್ರತಿ ಸಲ ಆಳು ಬದಲಿಸುತ್ತದೆ. ಇನ್ನೊಂದು ಸೋಲಿಸಿದರೂ ಮತ್ತೆ ಅದೇ ಹಿರಿಯರ ಬಳಿ ಹೋಗುತ್ತದೆ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲೂಕುಗಳನ್ನು ತೂಗಿ ನೋಡಿದಾಗ 39 ತಾಲೂಕುಗಳನ್ನು 'ಅತ್ಯಂತ ಹಿಂದುಳಿದ' ಗುಂಪಿಗೆ ಹಾಕಿತು. ಕುಷ್ಟಗಿ ಅದರಲ್ಲಿತ್ತು. ಯಲಬುರ್ಗಾನೂ ಅದರಲ್ಲಿತ್ತು. ಬದಲಿಸಿದವರು, ಬದಲಿಸದವರು ಇಬ್ಬರಿಗೂ ಒಂದೇ ಪಂಕ್ತಿ. ಮೂವತ್ತು-ನಲವತ್ತು ಮೈಲಿ ಆಚೆಯ ಗಂಗಾವತಿಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ, ವರ್ಷಕ್ಕೆರಡು ಭತ್ತ, ರೈಸ್ ಮಿಲ್ಲುಗಳ ಸಾಲು. ಈ ಕಡೆ ಸಜ್ಜೆ, ತೊಗರಿ, ಬೋರ್ ಕೊರೆಸಿದರೆ ಫ್ಲೋರೈಡ್ ನೀರು. ಒಂದೇ ಜಿಲ್ಲೆ, ಎರಡು ದೇಶ.

ಹಾಗಾಗಿ ಶಾಸಕ ಎಷ್ಟು ಸಲ ಗೆದ್ದ, ಎಷ್ಟು ಸಲ ಸೋತ ಅನ್ನುವುದು ನನಗೆ ಮುಖ್ಯ ಅನಿಸುವುದನ್ನು ಬಿಟ್ಟಿದೆ. ಅಧಿಕಾರ ಕೈಯಲ್ಲಿದ್ದಾಗ ಯಾವ ಮಾತು ಹಿಡಿದುಕೊಂಡಿದ್ದ, ಯಾವುದನ್ನು ಬಿಟ್ಟ? ಅದನ್ನು ಬರೆದಿಟ್ಟವರು ಯಾರಿದ್ದಾರೆ? ನಮ್ಮೂರ ಕಿರಾಣಿ ಅಂಗಡಿಯವರ ಉದ್ರಿ ಪುಸ್ತಕ ನೋಡಿದ್ದೀರಾ? ಮೂರು ವರ್ಷದ ಹಿಂದೆ ಯಾರು ಎಷ್ಟು ಸಕ್ಕರೆ ಒಯ್ದರು ಅಂತ ತಾರೀಖು ಸಮೇತ ಇರುತ್ತದೆ. ಬರೆದವರು ತೀರಿಕೊಂಡರೂ ಮಗ ಅದನ್ನು ತೆಗೆದು ವಸೂಲಿ ಮಾಡುತ್ತಾನೆ. ಆದರೆ ನಮ್ಮ ಭವಿಷ್ಯವನ್ನೇ ಉದ್ರಿ ಒಯ್ದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ನಾನು ಬರೆದಿಟ್ಟುಕೊಂಡಿದ್ದೇನೆ. ಸ್ವಲ್ಪ ಓದುತ್ತೇನೆ, ಕೇಳಿ.

ಮೊದಲು ರಸ್ತೆ ಮತ್ತು ಅಕ್ಕಿ. 2025ರ ಜುಲೈನಲ್ಲಿ ರಾಯರಡ್ಡಿಯವರು ತಮ್ಮ ಕ್ಷೇತ್ರದಲ್ಲಿ ಮಾತಾಡುತ್ತ, ರಸ್ತೆ ಬೇಕಾದರೆ ಗ್ಯಾರಂಟಿ ಬೇಡ ಅಂತ ಹೇಳಿ, ಮುಖ್ಯಮಂತ್ರಿಗೆ ತಿಳಿಸಿ ರಸ್ತೆ ಮಾಡಿಸೋಣ ಎಂಬರ್ಥದ ಮಾತು ಆಡಿದರು. ರಾಜ್ಯದ ತುಂಬ ಸುದ್ದಿಯಾಯಿತು. ನಮ್ಮ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಹಬ್ಬವೋ ಹಬ್ಬ. "ಅವರ ಪಕ್ಷದವರೇ ಒಪ್ಪಿಕೊಂಡ್ರು ನೋಡಿ, ಬಿಟ್ಟಿ ಭಾಗ್ಯದಿಂದ ರಾಜ್ಯ ಹಾಳಾಯ್ತು" ಅಂತ. ಈ ಗುಂಪಿನವರಲ್ಲಿ ಅರ್ಧ ಮಂದಿ ತಿಂಗಳಿಗೆ ಎರಡು ಸಾವಿರವನ್ನು ಒಂದು ಶನಿವಾರದ ಊಟಕ್ಕೆ ಖರ್ಚು ಮಾಡುವವರು. ನಮ್ಮ ಅವ್ವನಿಗೆ ಆ ಎರಡು ಸಾವಿರ ತನ್ನ ಹೆಸರಿಗೆ, ತನ್ನ ಖಾತೆಗೆ, ತನ್ನ ಅರವತ್ತನೇ ವಯಸ್ಸಿನಲ್ಲಿ ಮೊದಲ ಸಲ ಬಂದ ದುಡ್ಡು. ನಾನು ಕಳಿಸುವ ದುಡ್ಡು ಅಪ್ಪನ ಖಾತೆಗೆ ಹೋಗುತ್ತದೆ, ಅದು ಬೇರೆ. ಈಗ ಆಧಾರ್ ಕಾರ್ಡು ಸಂಚಿಯೊಳಗೆ ಇಟ್ಟುಕೊಂಡು ಯಾರನ್ನೂ ಕೇಳದೆ ತವರಿಗೆ ಬಸ್ ಹತ್ತುತ್ತಾಳೆ. ಮೊದಲು ವರ್ಷಕ್ಕೊಂದು ಸಲ, ಪಂಚಮಿಗೆ. ಈಗ ತಮ್ಮನಿಗೆ ಜ್ವರ ಬಂದರೂ ಹೋಗಿ ನೋಡಿ ಬರುತ್ತಾಳೆ.

ಇರಲಿ, ನನ್ನ ಜಗಳ ಈಗ ಆ ಗುಂಪಿನ ಜೊತೆ ಅಲ್ಲ, ಆರ್ಥಿಕ ಸಲಹೆಗಾರರ ಜೊತೆ. ಲೆಕ್ಕ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. 2025-26ರ ಬಜೆಟ್ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟಿದ್ದು 51,034 ಕೋಟಿ. ಎಂಟರಲ್ಲಿ ಒಂದು ಪಾಲು. ನಮ್ಮ ಹಿರಿಯರ ಭಾಷೆಯಲ್ಲಿ ಹೇಳಬೇಕೆಂದರೆ ರೂಪಾಯಿಗೆ ಎರಡಾಣೆ. ಉಳಿದ ಹದಿನಾಲ್ಕಾಣೆಯಲ್ಲಿ ಸಂಬಳ, ಪಿಂಚಣಿ, ಬಡ್ಡಿ ದೊಡ್ಡ ಪಾಲು ತಿನ್ನುತ್ತವೆ, ಒಪ್ಪಿದೆ. ಆದರೆ ಎರಡಾಣೆ ಒಯ್ದ ಅವ್ವನನ್ನು ಕರೆದು ರಸ್ತೆ ಹಾಳಾಗಿದ್ದಕ್ಕೆ ನೀನೇ ಕಾರಣ ಅನ್ನುವುದು ಯಾವ ಅರ್ಥಶಾಸ್ತ್ರ?

ಅದನ್ನೂ ಬಿಡಿ. ಗೃಹಲಕ್ಷ್ಮಿ ಬಂದದ್ದು 2023ರ ಆಗಸ್ಟಿನಲ್ಲಿ. ರಾಯರಡ್ಡಿಯವರು ಮೊದಲ ಸಲ ಶಾಸಕರಾದದ್ದು 1985ರಲ್ಲಿ. ನಡುವಿನ ಮೂವತ್ತೆಂಟು ವರ್ಷ ಅವ್ವನಿಗೆ ಯಾರೂ ಎರಡು ಸಾವಿರ ಕೊಟ್ಟಿರಲಿಲ್ಲ, ಬಸ್ಸಿಗೆ ಟಿಕೀಟು ತೆಗೆಸುತ್ತಿದ್ದರು. ಆಗ ಆ ದುಡ್ಡೆಲ್ಲ ರಸ್ತೆಗೆ ಹೋಗಬೇಕಿತ್ತಲ್ಲ? ಗ್ಯಾರಂಟಿ ಇಲ್ಲದ ಆ ಕಾಲದಲ್ಲಿ ಕುಷ್ಟಗಿ-ಯಲಬುರ್ಗಾ ಸೀಮೆಯ ಹಳ್ಳಿ ರಸ್ತೆಗಳು ಫಳಫಳ ಹೊಳೆಯುತ್ತಿದ್ದವೇ? ನಂಜುಂಡಪ್ಪನವರು ನಮ್ಮನ್ನು 'ಅತ್ಯಂತ ಹಿಂದುಳಿದ' ಅಂತ ಬರೆದಾಗ ಯಾವ ಗ್ಯಾರಂಟಿ ಇತ್ತು ಸ್ವಾಮಿ?

ಇನ್ನೊಂದು ಮಾತು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ಇದೆ. ಅದರಡಿ ಪ್ರದೇಶಾಭಿವೃದ್ಧಿ ಮಂಡಳಿ ಇದೆ. 2023-24ರಿಂದ ಆ ಮಂಡಳಿಗೆ ವರ್ಷಕ್ಕೆ 5,000 ಕೋಟಿ ಘೋಷಣೆಯಾಗುತ್ತಿದೆ. ಗ್ಯಾರಂಟಿ ದುಡ್ಡಿಗೂ ಇದಕ್ಕೂ ಸಂಬಂಧ ಇಲ್ಲ. ಆ ದುಡ್ಡಿನ ಕಾಮಗಾರಿ ಪಟ್ಟಿಯಲ್ಲಿ ಶಾಸಕರ ಮಾತೇ ನಡೆಯುತ್ತದೆ ಅನ್ನುವುದು ಊರಿನ ಸಣ್ಣ ಗುತ್ತಿಗೆದಾರನಿಗೂ ಗೊತ್ತು. ಜನರನ್ನು ರಸ್ತೆ ಬೇಕೋ ಅಕ್ಕಿ ಬೇಕೋ ಅಂತ ಕೇಳುವ ಮೊದಲು, ಈ ಐದು ಸಾವಿರ ಕೋಟಿಯಲ್ಲಿ ನಿಮ್ಮ ಊರಿಗೆ ಇಷ್ಟು ಬಂತು, ಇದಕ್ಕೆ ಖರ್ಚಾಯಿತು ಅಂತ ಗ್ರಾಮಸಭೆಯಲ್ಲಿ ಓದಿ ಹೇಳಲಿ. ಬಜೆಟ್ ಬಲ್ಲವರಿಗೆ ಅದು ಅರ್ಧ ತಾಸಿನ ಕೆಲಸ.

ಪುಸ್ತಕದ ಇದೇ ಪುಟದಲ್ಲಿ ಇನ್ನೊಂದು ತಾರೀಖು ಬರೆದಿದ್ದೇನೆ. 2025ರ ಮಾರ್ಚ್ 21. ಆ ದಿನ ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಹನಿಟ್ರ್ಯಾಪ್ ವಿಷಯ, ಗುತ್ತಿಗೆ ಮೀಸಲಾತಿ ವಿಷಯ, ಸ್ಪೀಕರ್ ಪೀಠದ ಮುಂದೆ ಹರಿದ ಕಾಗದ. ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿ ಮಾರ್ಷಲ್‌ಗಳಿಂದ ಎತ್ತಿ ಹೊರಹಾಕಿಸಿದರು. ಅವರಲ್ಲಿ ನಮ್ಮ ದೊಡ್ಡನಗೌಡರೂ ಒಬ್ಬರು, ವಿರೋಧ ಪಕ್ಷದ ಮುಖ್ಯ ಸಚೇತಕರು. ಎರಡು ತಿಂಗಳಿಗೇ ಅಮಾನತು ವಾಪಸಾಯಿತು, ಅದು ಬೇರೆ ಮಾತು. ಅದೇ ದಿನ, ಅದೇ ಗದ್ದಲದೊಳಗೆ, ಶಾಸಕರ ಮೂಲ ಸಂಬಳ 40,000ದಿಂದ 80,000 ಆಗುವ ಮಸೂದೆ ಚರ್ಚೆಯೇ ಇಲ್ಲದೆ ಪಾಸಾಯಿತು. ಎರಡು ಪಟ್ಟು. ಅದಕ್ಕೆ ಯಾರೂ ರಸ್ತೆ ಬೇಕೋ ಸಂಬಳ ಬೇಕೋ ಅಂತ ಕೇಳಲಿಲ್ಲ. ಶಾಸಕರ ಸಂಬಳ ರಾಜ್ಯದ ಬಜೆಟ್ಟಿನಲ್ಲಿ ಸಾಸಿವೆ ಕಾಳು, ನನಗೂ ಗೊತ್ತು. ಆದರೆ ಆಯ್ಕೆ ಮಾಡಿಕೊಳ್ಳಿ ಅನ್ನುವ ಪ್ರಶ್ನೆ ಯಾವಾಗಲೂ ಅವ್ವನಂಥವರ ಮುಂದೆಯೇ ಯಾಕೆ ಬರುತ್ತದೆ?

ಇನ್ನು ನೀರು. ಇದು ಪುಸ್ತಕದ ದಪ್ಪ ಭಾಗ.

ಕೃಷ್ಣಾ ಮೇಲ್ದಂಡೆ ಯೋಜನೆಯ ಮೊದಲ ಎರಡು ಹಂತಗಳು ನಮ್ಮನ್ನು ಮುಟ್ಟಲಿಲ್ಲ. ಆ ನೀರು ವಿಜಯಪುರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆ ಹರಿಯಿತು. ಹರಿಯಲಿ, ಅವರೂ ನಮ್ಮವರೇ. ನಮ್ಮ ಪಾಲು ಮೂರನೇ ಹಂತಕ್ಕೆ ಬಿತ್ತು. ಊರಲ್ಲಿ ಅದಕ್ಕೆ 'ಕೃಷ್ಣಾ ಬಿ ಸ್ಕೀಂ' ಅಂತಾರೆ, ಕಾಗದದಲ್ಲಿ ಕೊಪ್ಪಳ ಏತ ನೀರಾವರಿ. 2010ರ ಡಿಸೆಂಬರಿನಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ತೀರ್ಪು ಕೊಟ್ಟಿತು. ಆಲಮಟ್ಟಿಯ ಎತ್ತರ 519.6 ಮೀಟರಿನಿಂದ 524.256 ಮೀಟರಿಗೆ ಏರಿಸಬಹುದು, ಮೂರನೇ ಹಂತಕ್ಕೆ 130 ಟಿಎಂಸಿ. ಅದರಲ್ಲಿ ಕೊಪ್ಪಳ ಏತ ನೀರಾವರಿಗೆ ಹಂಚಿದ್ದು ಸುಮಾರು 12.8 ಟಿಎಂಸಿ. ತೀರ್ಪು ಬಂತು, ಪಟಾಕಿ ಹೊಡೆದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸದಂತೆ ತಡೆಯಿತು. ಗೆಜೆಟ್ ಆಗದೆ ನೀರು ನಮ್ಮದಲ್ಲ. ಹದಿನಾಲ್ಕು ವರ್ಷ ಕಳೆದಿದೆ.

2013ರ ಜನವರಿಯಲ್ಲಿ ಸಿದ್ದರಾಮಯ್ಯನವರು ಹೊಸಪೇಟೆಯಿಂದ ಕೂಡಲಸಂಗಮಕ್ಕೆ ಪಾದಯಾತ್ರೆ ಹೊರಟರು. ಕೃಷ್ಣೆಯ ಕಡೆಗೆ ಕಾಂಗ್ರೆಸ್ ನಡಿಗೆ. ಅಧಿಕಾರಕ್ಕೆ ಬಂದರೆ ಕೃಷ್ಣಾ ಕೊಳ್ಳದ ನೀರಾವರಿಗೆ ವರ್ಷಕ್ಕೆ 10,000 ಕೋಟಿ ಅಂತ ಮಾತು ಕೊಟ್ಟರು. ಅಧಿಕಾರಕ್ಕೂ ಬಂದರು. ಕೊಟ್ಟೆವು ಅಂತ ಅವರು, ಕೊಡಲಿಲ್ಲ ಅಂತ ಬಿಜೆಪಿಯವರು. ಸರಿ, 2019ರಿಂದ 2023ರವರೆಗೆ ಬಿಜೆಪಿ ಸರ್ಕಾರ, ದೆಹಲಿಯಲ್ಲೂ ಅವರದೇ ಸರ್ಕಾರ, ಕೊಪ್ಪಳದ ಸಂಸದರೂ ಅವರೇ. ಗೆಜೆಟ್ ಆಯಿತೇ? ಡಬಲ್ ಎಂಜಿನ್ನಿಗೆ ಹಳಿ ಸಿಗಲಿಲ್ಲ. ದೊಡ್ಡನಗೌಡರು ಆಗ ಶಾಸಕರಾಗಿರಲಿಲ್ಲ ಅನ್ನಬಹುದು. ಬಯ್ಯಾಪುರ ಅವರು ವಿರೋಧ ಪಕ್ಷದಲ್ಲಿದ್ದರು ಅನ್ನಬಹುದು. ನಮ್ಮ ಹೆಮ್ಮೆಯ ಬದಲಾವಣೆ ರಾಜಕಾರಣದ ಗುಟ್ಟು ಇಲ್ಲಿದೆ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಲು ಎಂದಿಗೂ ಕಾರಣ ಸಿಗುತ್ತದೆ, ಯಾಕೆಂದರೆ ಕಾರಣವನ್ನು ನಾವೇ ಐದು ವರ್ಷಕ್ಕೊಮ್ಮೆ ತಯಾರು ಮಾಡಿ ಕೊಡುತ್ತೇವೆ.

ಆದರೆ ಈ ನೆಪ ರಾಯರಡ್ಡಿಯವರಿಗೆ ಇಲ್ಲ. ನಲವತ್ತು ವರ್ಷದಲ್ಲಿ ಅವರು ಶಾಸಕ, ಸಂಸದ, ಸಚಿವ, ಸಲಹೆಗಾರ ಎಲ್ಲವೂ ಆಗಿದ್ದಾರೆ. ಪ್ರಧಾನಿ ಕನ್ನಡಿಗರಾಗಿದ್ದಾಗ ದೆಹಲಿಯಲ್ಲಿ ಕೂತಿದ್ದರು. ಪಾದಯಾತ್ರೆಯ ಸರ್ಕಾರದಲ್ಲಿ ಸಂಪುಟದಲ್ಲಿದ್ದರು. ಈಗ ಮುಖ್ಯಮಂತ್ರಿಯ ಕಿವಿಯ ಹತ್ತಿರವೇ ಇದ್ದಾರೆ. ಅವರು ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. ಯಲಬುರ್ಗಾ, ಕುಕನೂರು ಕಡೆ ಹೊಸ ಕೆರೆಗಳಿಗೆ ದುಡ್ಡು ತಂದಿದ್ದಾರೆ. ಮಾವ ಬೆರಳು ಮಡಚಿ ಮಡಚಿ ಕೆರೆಗಳ ಹೆಸರು ಹೇಳುತ್ತಾನೆ. ಕೆರೆ ತುಂಬಿದರೆ ಬೋರಿಗೆ ನೀರು ಬರುತ್ತದೆ, ದನಕ್ಕೆ ನೀರು ಸಿಗುತ್ತದೆ. ಒಳ್ಳೆಯದೇ.

ನನ್ನ ತಕರಾರು ಬೇರೆ. ನಮ್ಮ ಬೇಡಿಕೆ ವರ್ಷದಿಂದ ವರ್ಷಕ್ಕೆ ಹೇಗೆ ಸಣ್ಣದಾಗುತ್ತ ಬಂತು ನೋಡಿ. ಅಜ್ಜನ ಕಾಲದಲ್ಲಿ ಕೇಳಿದ್ದು ಕಾಲುವೆ, ಗಂಗಾವತಿಯವರ ಹಾಗೆ. ಅಪ್ಪನ ಕಾಲಕ್ಕೆ ಅದು ಏತ ನೀರಾವರಿ ಆಯಿತು. ಆಮೇಲೆ, ನೀರು ಕಡಿಮೆ, ಹನಿ ನೀರಾವರಿ ಸಾಕು ಅಂದರು. ಆಮೇಲೆ, ಹೊಲಕ್ಕೆ ಬೇಡ, ಸದ್ಯಕ್ಕೆ ಕೆರೆ ತುಂಬಿಸುತ್ತೇವೆ ಅಂದರು. ಕೃಷ್ಣೆಯಿಂದ ಕುಡಿಯುವ ನೀರಿನ ಕೊಳವೆ ಹಳ್ಳಿಗೆ ಬಂದದ್ದಕ್ಕೇ ಈಗ ಶಾಲು ಹೊದಿಸಿ ಮೆರವಣಿಗೆ ಮಾಡುತ್ತೇವೆ. ಪ್ರತಿ ಮೆಟ್ಟಿಲು ಇಳಿಯುವಾಗಲೂ ಒಂದು ಭೂಮಿಪೂಜೆ, ಒಂದು ಫ್ಲೆಕ್ಸು. ನಾವು ಇಳಿಯುತ್ತಿದ್ದೇವೆ ಅಂತ ನಮಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ಎಲ್ಲ ಮೆಟ್ಟಿಲಿಗೂ ಹೂವು ಹಾಸಿದ್ದರು. ನಲವತ್ತು ವರ್ಷ ರಾಜಕೀಯದಲ್ಲಿರುವ ಹಿರಿಯರು ಇಲ್ಲಿ ಮಾಡಬೇಕಿದ್ದ ಕೆಲಸ ಒಂದೇ: ಈ ಮೆಟ್ಟಿಲ ಮೇಲೆ ನಿಂತು, ಇಲ್ಲಿಂದ ಕೆಳಗೆ ಇಳಿಯುವುದಿಲ್ಲ ಅನ್ನುವುದು.

ಹಾಗೆ ನಿಂತವರು ನಮ್ಮ ಭಾಗದಲ್ಲೇ ಇದ್ದರು. ಚಿಂಚೋಳಿಯ ವೈಜನಾಥ ಪಾಟೀಲರು ಗೆದ್ದಾಗಲೂ ಸೋತಾಗಲೂ 371ನೇ ವಿಧಿಯ ತಿದ್ದುಪಡಿ ಅಂತ ಒಂದೇ ಮಾತು ಹಿಡಿದರು. ಜನ ಬೇಸತ್ತರು, ನಕ್ಕರು. ಅಡ್ವಾಣಿಯವರು ಗೃಹಮಂತ್ರಿ ಆಗಿದ್ದಾಗ ಆಗುವುದಿಲ್ಲ ಅಂದುಬಿಟ್ಟಿದ್ದರು. ದೆಹಲಿಯಲ್ಲಿ ಅದನ್ನು ದಡ ಮುಟ್ಟಿಸಿದವರು ಮಲ್ಲಿಕಾರ್ಜುನ ಖರ್ಗೆ. 1972ರಿಂದ 2008ರವರೆಗೆ ಒಂಬತ್ತು ವಿಧಾನಸಭೆ ಚುನಾವಣೆ ಸತತ ಗೆದ್ದ ಮನುಷ್ಯ. ಅವರ ಮೇಲೂ ನನಗೆ ಹತ್ತು ತಕರಾರು ಇವೆ, ಅಷ್ಟು ವರ್ಷ ಗೆದ್ದರೂ ಗುರುಮಠಕಲ್ ಗುರುಮಠಕಲ್ಲಾಗಿಯೇ ಉಳಿಯಿತಲ್ಲ ಅನ್ನುವುದು ಮೊದಲನೆಯದು. ಆದರೆ 2012ರ ಡಿಸೆಂಬರಿನಲ್ಲಿ ಸಂಸತ್ತು ಆ ತಿದ್ದುಪಡಿ ಒಪ್ಪಿದ್ದು ಸುಮ್ಮನೆ ಅಲ್ಲ. ನಾನು ಬಿಇ ಮುಗಿಸಿ ಹೊರಬಂದ ಮೇಲೆ ಅದು ಬಂತು, ನನಗೆ ಸಿಗಲಿಲ್ಲ. ನನ್ನ ಚಿಕ್ಕಪ್ಪನ ಮಗಳಿಗೆ ಸಿಕ್ಕಿತು. ಅವಳು ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಹಿರಿತನ ಅಂದರೆ ಇದು ಅಂತ ನಾನು ತಿಳಿದಿದ್ದೇನೆ. ಒಂದು ಸಾಲಿನ ಕಾನೂನು, ಆದರೆ ಅದರ ಮೇಲೆ ಸಾವಿರ ಮಕ್ಕಳು ಹತ್ತಿ ನಿಂತಿದ್ದಾರೆ.

ರಾಯರಡ್ಡಿಯವರ ನಲವತ್ತು ವರ್ಷದಲ್ಲಿ ಆ ಒಂದು ಸಾಲು ಯಾವುದು? ಮಾವನಿಗೆ ಕೇಳಿದೆ. ಕಾಲೇಜು ಅಂದ. ತಳಕಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ನನಗೂ ಖುಷಿ ಕೊಡುವ ಸಂಗತಿ. ನಾನು ಓದುವಾಗ ಅದು ಇದ್ದಿದ್ದರೆ ಅಪ್ಪ ಎರಡು ಎಕರೆ ಒತ್ತೆ ಇಡಬೇಕಾಗುತ್ತಿರಲಿಲ್ಲ. ಆದರೆ ಆಮೇಲೆ ಬಂದ ಕೊಪ್ಪಳ ವಿಶ್ವವಿದ್ಯಾಲಯದ ಕತೆ ನೋಡಿ. ಬಿಜೆಪಿ ಸರ್ಕಾರ ಕಟ್ಟಡ, ಹುದ್ದೆ, ದುಡ್ಡು ಯಾವುದನ್ನೂ ಸರಿಯಾಗಿ ಕೊಡದೆ ಒಂದೇ ಏಟಿಗೆ ಏಳು ವಿಶ್ವವಿದ್ಯಾಲಯ ಘೋಷಿಸಿತು. 2025ರ ಫೆಬ್ರುವರಿಯಲ್ಲಿ ಕಾಂಗ್ರೆಸ್ ಸರ್ಕಾರದ ಸಂಪುಟ ಉಪಸಮಿತಿ, ಖರ್ಚು ಜಾಸ್ತಿ ಅಂತ, ಒಂಬತ್ತನ್ನು ಮುಚ್ಚುವ ಮಾತಾಡಿತು. ಹಡೆದವರಿಗೆ ಸಾಕುವ ಯೋಚನೆ ಇರಲಿಲ್ಲ, ಸಾಕಬೇಕಾದವರಿಗೆ ಇದು ಹೊರೆ. ಉನ್ನತ ಶಿಕ್ಷಣವನ್ನೂ ಬಜೆಟ್ಟನ್ನೂ ಬಲ್ಲ ಹಿರಿಯರು ಮುಖ್ಯಮಂತ್ರಿಯ ಪಕ್ಕದಲ್ಲಿರುವಾಗ ಇಂಥ ಮಾತು ಮೇಜಿನ ಮೇಲೆ ಬಂದದ್ದೇ ನನಗೆ ಬೇಸರ.

ರೈಲಿನ ವಿಷಯ ಹೇಳದಿದ್ದರೆ ಊರಿನವರು ಬೈಯುತ್ತಾರೆ. 2025ರ ಮೇ 15ರಂದು ಕುಷ್ಟಗಿಗೆ ಮೊದಲ ರೈಲು ಬಂತು. ಗದಗ-ವಾಡಿ ಮಾರ್ಗದ ತುಂಡು, ಹುಬ್ಬಳ್ಳಿಗೆ ಹೋಗುವ ಗಾಡಿ. ಸಚಿವ ಸೋಮಣ್ಣ ಬಾವುಟ ತೋರಿಸಿದರು. ಅಪ್ಪ ಎಪ್ಪತ್ತು ದಾಟಿದವನು, ಧೋತರ ಹೊಸದು ಉಟ್ಟುಕೊಂಡು ನೋಡಲು ಹೋಗಿದ್ದ. ಫೋನಿನಲ್ಲಿ ಆ ದಿನ ಅವನು ರೈಲಿಗಿಂತ ಫ್ಲೆಕ್ಸುಗಳ ಬಗ್ಗೆಯೇ ಹೆಚ್ಚು ಹೇಳಿದ. "ಎಲ್ಲಾರೂ ತಾವ ತಂದೀವಿ ಅಂತಾರ. ಹಂಗಾರ ಇಷ್ಟ್ ಮಂದಿ ಎಳದ್ರೂ ಯಾಕ ಇಷ್ಟ್ ತಡಾ ಆತು?" ಮಾರ್ಗ ಮಂಜೂರಾದದ್ದು 2013-14ರಲ್ಲಿ. ಅಪ್ಪ ಕೇಳಿದ ಪ್ರಶ್ನೆಗಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಈ ಲೇಖನದಲ್ಲಿ ಕೇಳಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಂಪುಟ ಇನ್ನೊಂದು ನಿರ್ಧಾರ ಮಾಡಿತು. ಆಲಮಟ್ಟಿ ಎತ್ತರಿಸಿದರೆ ಮುಳುಗುವ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ. ಒಳ್ಳೆಯ ನಿರ್ಧಾರ. ಮುಳುಗುವವರ ನೋವಿಗೆ ಅದೂ ಕಡಿಮೆಯೇ. ಆದರೆ ಆ ದುಡ್ಡು ಎಷ್ಟು ವರ್ಷದಲ್ಲಿ, ಪ್ರತಿ ವರ್ಷ ಎಷ್ಟು, ಯಾವ ಲೆಕ್ಕಶೀರ್ಷಿಕೆಯಿಂದ? ಆಮೇಲೆ ಕೊಪ್ಪಳ ಏತ ನೀರಾವರಿಯ ನೀರು ಹೊಲಕ್ಕೆ ಬರುವುದು ಯಾವ ವರ್ಷ? ರಾಯರಡ್ಡಿಯವರು ಬಾಯಿ ತೆರೆದು ಒಂದು ಅಂಕಿ ಹೇಳಲಿ. ವರ್ಷಕ್ಕೆ ಇಷ್ಟು ಕೋಟಿ ಇಟ್ಟರೆ ಇಷ್ಟು ವರ್ಷ, ಇಡದಿದ್ದರೆ ನಾನು ಈ ಸಲಹೆಗಾರ ಹುದ್ದೆಯಲ್ಲಿ ಇರುವುದಿಲ್ಲ ಅಂತ. ಗ್ಯಾರಂಟಿ ಬೇಡ ಅನ್ನಿ ಅಂತ ಹಳ್ಳಿಯವರಿಗೆ ಹೇಳಿದಷ್ಟೇ ಸಲೀಸಾಗಿ ಕೃಷ್ಣಾಕ್ಕೆ ಇಷ್ಟು ಕೊಡಿ ಅಂತ ಮುಖ್ಯಮಂತ್ರಿಗೆ ಹೇಳಲಿ, ಮತ್ತು ಹೇಳಿದ್ದನ್ನು ನಮಗೂ ಕೇಳಿಸಲಿ. ದೊಡ್ಡನಗೌಡರು ಮುಖ್ಯ ಸಚೇತಕರು. ಗೆಜೆಟ್ ಮಾಡಿಸಿಕೊಡಿ ಅಂತ ತಮ್ಮ ಪಕ್ಷದ ದೆಹಲಿ ನಾಯಕರ ಮನೆ ಬಾಗಿಲಲ್ಲಿ ಕೂತರೆ ಯಾವ ಮಾರ್ಷಲ್ಲೂ ಅವರನ್ನು ಎತ್ತಿ ಹಾಕುವುದಿಲ್ಲ. ಬಯ್ಯಾಪುರ ಅವರು ಸೋತಿದ್ದಾರೆ, ಆದರೆ ಸರ್ಕಾರ ಅವರದೇ ಪಕ್ಷದ್ದು. ಹುದ್ದೆ ಬೇರೆ ಬೇರೆ ಇರಬಹುದು, ನೀರು ಒಂದೇ.

ನಮ್ಮ ಪಾಲಿನದೂ ಇದೆ. ಶಾಸಕರು ಮದುವೆಗೆ ಬಂದರೋ, ಮಣ್ಣಿಗೆ ಬಂದರೋ, ಕರೆದಾಗ ಫೋನ್ ಎತ್ತಿದರೋ ಅನ್ನುವುದರ ಮೇಲೆ ನಾವು ಓಟು ಹಾಕುತ್ತೇವೆ. ಸದನದಲ್ಲಿ ಏನು ಕೇಳಿದರು ಅಂತ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ನಾನೂ ಕೇಳಿರಲಿಲ್ಲ. ಓಟಿನ ದಿನ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದು, ಬೆರಳಿನ ಶಾಯಿಯ ಫೋಟೋ ಹಾಕಿ, ರಾತ್ರಿ ಬಸ್ಸಿಗೆ ವಾಪಸ್ ಹೋಗುವ ದೇಶಭಕ್ತರಲ್ಲಿ ನಾನೂ ಒಬ್ಬ. ಅದೇ ಹೈವೇಯಲ್ಲಿ ಬಿತ್ತನೆ ಮುಗಿದ ಮೇಲೆ ಗುಳೆ ಹೋಗುವವರ ಬಸ್ಸುಗಳೂ ಸಾಗುತ್ತವೆ. ಮಂಗಳೂರು, ಉಡುಪಿ, ಗೋವಾ, ಬೆಂಗಳೂರು. ಪಾತ್ರೆ ಗಂಟು, ರೊಟ್ಟಿ ಬುತ್ತಿ, ಮಡಿಲಲ್ಲಿ ಕೂಸು. ಅವರದು ಗುಳೆ, ನನ್ನದು ಕರಿಯರ್. ನೀರಿಲ್ಲದ ಊರಿನಿಂದ ಇಬ್ಬರೂ ಹೊರಟವರೇ, ನನಗೆ ಕಿಟಕಿ ಪಕ್ಕದ ಸ್ಲೀಪರ್ ಸಿಕ್ಕಿದೆ ಅಷ್ಟೆ.

ಕಳೆದ ದೀಪಾವಳಿಗೆ ಹೋದಾಗ ಕುಷ್ಟಗಿ ಬಜಾರಿನಲ್ಲಿ ಒಂದು ಕೆಂಪು ಬಟ್ಟೆ ಹೊದಿಕೆಯ ಉದ್ದನೆಯ ಖಾತೆ ಪುಸ್ತಕ ಕೊಂಡೆ. ಎಡಗಡೆ ತಾರೀಖು, ಯಾರು ಏನು ಹೇಳಿದರು. ಬಲಗಡೆ ಏನಾಯಿತು. ಮೇಲೆ ಬರೆದದ್ದೆಲ್ಲ ಅದರಲ್ಲಿದೆ. ಬಯ್ಯಾಪುರ ಅವರಿಗೆ ನಾಲ್ಕು ಪುಟ, ದೊಡ್ಡನಗೌಡರಿಗೆ ನಾಲ್ಕು ಪುಟ, ಹಿರಿಯರೆಂಬ ಗೌರವಕ್ಕೆ ರಾಯರಡ್ಡಿಯವರಿಗೆ ಹತ್ತು ಪುಟ ಬಿಟ್ಟೆ. ಅವ್ವನನ್ನು ತವರಿಗೆ ಬಿಡಲು ಹೋದಾಗ ಮಾವನಿಗೆ ತೋರಿಸಿದೆ. ಸಿಟ್ಟಾಗುತ್ತಾನೆ ಅಂದುಕೊಂಡಿದ್ದೆ. ಕನ್ನಡಕ ಏರಿಸಿ ಬಹಳ ಹೊತ್ತು ಓದಿದ. 1996ರ ಪುಟದಲ್ಲಿ ಬೆರಳಿಟ್ಟು, "ಇದೊಂದು ಬಿಟ್ಟೀ ನೋಡು, ಆಗ ನಮ್ಮೂರ ಗುಡಿ ಮುಂದ ನಿಂತು ಕೃಷ್ಣಾ ನೀರ ತರ್ತೀನಿ ಅಂತ ಒಬ್ರಲ್ಲ, ನಿಂತಾವ್ರೆಲ್ಲಾ ಹೇಳಿದ್ರು. ಬರಕೋ" ಅಂದ.

ಬರೆದುಕೊಂಡೆ. ಪುಸ್ತಕ ಮುಚ್ಚಿ ಕೈಯಲ್ಲೇ ಹಿಡಿದು ಕೂತ.

"ಇದನ್ನ ಇಲ್ಲೇ ಬಿಟ್ಟ ಹೋಗು ಅಳಿಯಾ," ಅಂದ. "ಮುಂದಿನ ಸಲ ಅವ್ರು ಊರಿಗೆ ಬಂದಾಗ ಕಟ್ಟಿ ಮ್ಯಾಲ ಕುರ್ಚಿ ಹಾಕಸ್ತೀನಿ. ನೀ ಬಂದು ಓದು. ನನಗ ಅಕ್ಷರ ಸಣ್ಣವು ಕಾಣಂಗಿಲ್ಲ."